ರಕ್ತ ತೆಳು ಮಾಡುವ ಮಾತ್ರೆ ಮತ್ತು ಸೊಪ್ಪಿನ ಬಸ್ಸಾರು

"ರಕ್ತ ಹೆಪ್ಪುಗಟ್ಟೋಕೆ ತಡ ಆಗ್ತಿದೆ ಅಂತ ರಿಪೋರ್ಟಲ್ಲಿದೆ. ನೀವು ನೋಡಿದ್ರೆ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಡ್ತಿದೀರಲ್ಲ ಡಾಕ್ಟ್ರೇ?"

ಕಾಲು ಊದಿಕೊಂಡು ಬಂದ, ಅದಕ್ಕೂ ಮೊದಲು ಗರ್ಭ ನಿಲ್ಲದೆ ನೊಂದ ಹೆಣ್ಣುಮಕ್ಕಳ ಮನೆಯವರು ಹೀಗೆ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್, ಅಂದರೆ ಎಪಿಎಸ್‌ನಲ್ಲಿ, ನಮ್ಮ ಕಾವಲಿಗಿರಬೇಕಾದ ಪ್ರತಿಕಾಯಗಳು ನಮ್ಮ ಮೇಲೇ ತಿರುಗಿಬೀಳುತ್ತವೆ. ಲ್ಯಾಬಿನ ಟ್ಯೂಬಿನಲ್ಲಿ ಅವು ಪರೀಕ್ಷೆಗೆ ಬೇಕಾದ ಕೊಬ್ಬಿನಂಶಕ್ಕೇ ಅಂಟಿಕೊಳ್ಳುವುದರಿಂದ ಸಮಯ ಹೆಚ್ಚು ತೋರಿಸುತ್ತದೆ. ಮೈಯೊಳಗೆ ಆಗುವುದು ತದ್ವಿರುದ್ಧ: ರಕ್ತನಾಳದ ಒಳಪದರವನ್ನೂ ಪ್ಲೇಟ್‌ಲೆಟ್‌ಗಳನ್ನೂ ಕೆರಳಿಸಿ ಹೆಪ್ಪು ಕಟ್ಟಿಸುತ್ತವೆ.

ಒಂದೇ ರಿಪೋರ್ಟ್ ನೋಡಿ ಹೆದರಬೇಡಿ. ಸೋಂಕು ಬಂದಾಗಲೂ ಈ ಪ್ರತಿಕಾಯಗಳು ಕೆಲಕಾಲ ಕಾಣಿಸಿಕೊಳ್ಳಬಹುದು. ಅದಕ್ಕೇ ಕನಿಷ್ಠ 12 ವಾರ ಬಿಟ್ಟು ಮತ್ತೆ ಪರೀಕ್ಷೆ. ಆದರೆ ಹೆಪ್ಪು ಕಟ್ಟಿದ್ದರೆ ಚಿಕಿತ್ಸೆ ಅಲ್ಲಿಯವರೆಗೆ ಕಾಯುವುದಿಲ್ಲ. ಮೊದಲು ರಕ್ತ ತೆಳು ಮಾಡುವ ಹೆಪಾರಿನ್ ಇಂಜೆಕ್ಷನ್, ಜೊತೆಗೇ ಅದೇ ಕೆಲಸದ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ. ಮಾತ್ರೆಯಿಂದ ರಕ್ತ ಎಷ್ಟು ತೆಳುವಾಗಿದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿಸುವ ಅಂಕಿ ಐಎನ್‌ಆರ್; ಅದು ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು.

ಈ ಪರೀಕ್ಷೆಗೆ ಪದೇಪದೇ ಸೂಜಿ ಚುಚ್ಚಿಸಿಕೊಳ್ಳುವುದು ಬೇಸರವೇ. ಪರೀಕ್ಷೆ ಬೇಡದ ಹೊಸ ಮಾತ್ರೆ ಕೊಡಿ ಎನ್ನುತ್ತಾರೆ. ಎಪಿಎಸ್‌ಗೆಂದು ಪರೀಕ್ಷಿಸುವ ಮೂರೂ ಬಗೆಯ ಪ್ರತಿಕಾಯ ಇರುವವರಿಗೆ ನಾನು ಒಪ್ಪುವುದಿಲ್ಲ. ಅಂಥವರಿಗೆ ರಿವರಾಕ್ಸಬಾನ್ ಎಂಬ ಹೊಸ ಮಾತ್ರೆ ಕೊಟ್ಟು ನೋಡಿದ ಇಟಲಿಯ ಅಧ್ಯಯನವೊಂದನ್ನು ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು. 2018ರಲ್ಲಿ ಅದು ಪ್ರಕಟವಾಯಿತು. ವಾರ್ಫರಿನ್ ತೆಗೆದುಕೊಂಡವರಿಗಿಂತ ಅವರಲ್ಲಿ ಪಾರ್ಶ್ವವಾಯು, ಹೃದಯಾಘಾತ ಹೆಚ್ಚಾಗಿದ್ದವು.

ಇನ್ನು ಸೊಪ್ಪಿನ ವಿಷಯ. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಯ ಬಲ ಕುಗ್ಗಿಸುತ್ತದೆ, ನಿಜ. ಹಾಗಂತ ಊಟದಿಂದ ಸೊಪ್ಪನ್ನೇ ತೆಗೆದುಹಾಕಬೇಕಿಲ್ಲ. ವಾರಕ್ಕೆರಡು ಸಲ ದಂಟಿನ ಸೊಪ್ಪಿನ ಬಸ್ಸಾರು ಮಾಡುವ ಮನೆಯಾದರೆ ವಾರಕ್ಕೆರಡು ಸಲವೇ ಮಾಡಿ, ಆ ಊಟಕ್ಕೆ ಮಾತ್ರೆಯ ಪ್ರಮಾಣ ಹೊಂದಿಸುವುದು ನಮ್ಮ ಕೆಲಸ. ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಒಂದೇ ವಾರ ನುಗ್ಗೆಸೊಪ್ಪು, ಮೆಂತ್ಯ ಎಲ್ಲ ತಿಂದರೆ ಐಎನ್‌ಆರ್ ಕುಸಿಯುತ್ತದೆ. ಇದಕ್ಕಿಂತ ನನಗೆ ಹೆಚ್ಚು ಭಯ ಮಂಡಿನೋವಿಗೆಂದು ಮೆಡಿಕಲ್ ಶಾಪಿನಿಂದ ಕೇಳಿ ತರುವ ಡೈಕ್ಲೋಫೆನಾಕ್ ಮಾತ್ರೆಯದು. ಹೊಟ್ಟೆಯೊಳಗೆ ರಕ್ತಸ್ರಾವವಾಗಿ, ಮಲ ಟಾರಿನಂತೆ ಕಪ್ಪಾದ ಮೇಲೆ ಓಡಿಬಂದವರನ್ನು ನೋಡಿದ್ದೇನೆ.

ಮಗು ಬೇಕೆನ್ನುವವರು ಮೊದಲೇ ಹೇಳಿ. ವಾರ್ಫರಿನ್ ಭ್ರೂಣಕ್ಕೆ ಹಾನಿ ಮಾಡುತ್ತದೆ, 6ರಿಂದ 12ನೇ ವಾರದ ನಡುವೆ ಹೆಚ್ಚು. ಅದರ ಬದಲು ಹೆಪಾರಿನ್ ಇಂಜೆಕ್ಷನ್, ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಡುತ್ತೇವೆ. ಹೀಗೆ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಮಂದಿಗೆ ಮಗು ಉಳಿಯುತ್ತದೆ. ಮುಟ್ಟು ನಿಂತರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ. ಆದರೆ ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಿಬಿಡಬೇಡಿ.