ಗಂಡಸರ ಓಟ, ಹೆಂಗಸರ ಓಟ: ವ್ಯತ್ಯಾಸ ಎಲ್ಲಿದೆ?

100 ಮೀಟರ್ ಓಟದ ವಿಶ್ವದಾಖಲೆ ಗಂಡಸರಲ್ಲಿ 9.58 ಸೆಕೆಂಡ್ (ಉಸೇನ್ ಬೋಲ್ಟ್, 2009). ಹೆಂಗಸರಲ್ಲಿ 10.49 (ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್, 1988). ಜಾಯ್ನರ್ ಓಡಿದ ದಿನ ಬೆನ್ನ ಹಿಂದಿನ ಗಾಳಿ ನೂಕಿತೇ, ಅದನ್ನು ಅಳೆಯುವ ಯಂತ್ರ ಸರಿಯಿತ್ತೇ ಎಂಬ ಜಗಳ ಇನ್ನೂ ಮುಗಿದಿಲ್ಲ, ಅದಿರಲಿ. ಅಂತರ 0.91 ಸೆಕೆಂಡ್. ಗಂಡಸರು ಕಾಲನ್ನು ಬೇಗ ಬೇಗ ಆಡಿಸುತ್ತಾರೆ, ಅದಕ್ಕೇ ಹೀಗೆ ಅಂದುಕೊಂಡಿದ್ದೆ. ಲೆಕ್ಕ ಹಾಕಿದರೆ ಹಾಗಿಲ್ಲ.

ವೇಗ ಅಂದರೆ ಹೆಜ್ಜೆಯ ಉದ್ದವನ್ನು ಸೆಕೆಂಡಿಗೆ ಎಷ್ಟು ಹೆಜ್ಜೆ ಎಂಬುದರಿಂದ ಗುಣಿಸಿದ್ದು. ಬೋಲ್ಟ್ ಸುಮಾರು 41 ಹೆಜ್ಜೆಯಲ್ಲಿ ಓಟ ಮುಗಿಸಿದರು. ಸರಾಸರಿ ಹೆಜ್ಜೆ 2.44 ಮೀಟರ್, ಸೆಕೆಂಡಿಗೆ 4.3 ಹೆಜ್ಜೆ. ಒಬ್ಬ ಓಟಗಾರ್ತಿ 50 ಹೆಜ್ಜೆಯಲ್ಲಿ, 10.8 ಸೆಕೆಂಡಿನಲ್ಲಿ ಮುಗಿಸಿದರು ಎಂದಿಟ್ಟುಕೊಳ್ಳಿ. ಹೆಜ್ಜೆ 2 ಮೀಟರ್, ಸೆಕೆಂಡಿಗೆ 4.6. ಕಾಲು ಆಡಿಸುವುದರಲ್ಲಿ ಅವರೇ ಮುಂದು! 1.95 ಮೀಟರ್ ಎತ್ತರದ ಬೋಲ್ಟ್ ಉದಾಹರಣೆ ಸ್ವಲ್ಪ ಮೋಸದ್ದು, ನಿಜ. ಆದರೆ ಬೇರೆ ಓಟಗಾರರನ್ನು ತೆಗೆದುಕೊಂಡರೂ ಈ ಲೆಕ್ಕದಲ್ಲಿ ಇಬ್ಬರೂ ಹೆಚ್ಚುಕಮ್ಮಿ ಸಮ. ವ್ಯತ್ಯಾಸ ಇರುವುದು ಹೆಜ್ಜೆಯ ಉದ್ದದಲ್ಲಿ.

ಹಾಗಾದರೆ ಎಲ್ಲಾ ಎತ್ತರದ ಆಟವೇ? ಸ್ವಲ್ಪ ಮಟ್ಟಿಗೆ ಹೌದು. ಪೂರ್ತಿ ಅದೇ ಆಗಿದ್ದರೆ 1.52 ಮೀಟರ್ ಎತ್ತರದ ಜಮೈಕಾದ ಓಟಗಾರ್ತಿ ಶೆಲ್ಲಿ ಆ್ಯನ್ ಫ್ರೇಸರ್ ಪ್ರೈಸ್ 10.60 ಸೆಕೆಂಡಿನಲ್ಲಿ ಓಡುತ್ತಿರಲಿಲ್ಲ, ಅಲ್ವಾ?

ನನಗೆ ತುಂಬಾ ಹಿಡಿಸಿದ ಭಾಗ ಇದು. ಎತ್ತಿದ ಕಾಲನ್ನು ಮುಂದಕ್ಕೆ ತರಲು ವೇಗದ ಓಟಗಾರರಿಗೂ ನಿಧಾನದವರಿಗೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು. ಬೇರೆಯಾಗುವುದು ನೆಲ ಒದೆಯುವ ಬಲ. ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಮಾತ್ರ. ಅಷ್ಟರಲ್ಲೇ ಮೈತೂಕದ ಹಲವು ಪಟ್ಟು ಬಲ ಹಾಕಬೇಕು. ಒಂದೊಂದು ಕಿಲೋ ತೂಕಕ್ಕೂ ಬಲ ಜಾಸ್ತಿ ಸಿಕ್ಕರೆ ಹೆಜ್ಜೆ ದೂರ ಬೀಳುತ್ತದೆ. ಗಂಡಸರಿಗೆ ಸಿಗುವ ಲಾಭ ಇಲ್ಲೇ: ಮೈತೂಕದಲ್ಲಿ ಸ್ನಾಯುವಿನ ಪಾಲು ಜಾಸ್ತಿ, ಕೊಬ್ಬಿನ ಪಾಲು ಕಡಿಮೆ. ಇದು ಹರೆಯದ ಟೆಸ್ಟೋಸ್ಟೆರಾನ್ ಹಾರ್ಮೋನಿನ ಕೆಲಸ. ಅದಕ್ಕೂ ಮುಂಚೆ ಹುಡುಗ ಹುಡುಗಿಯರ ಓಟದಲ್ಲಿ ಅಂತರ ತೀರಾ ಸಣ್ಣದು.

"ಹೆಂಗಸರ ಸೊಂಟ ಅಗಲ, ಅದಕ್ಕೇ ನಿಧಾನ" ಎನ್ನುವುದು ಸುಮ್ನೆ ಬಾಯಿಂದ ಬಾಯಿಗೆ ಬಂದ ಮಾತು. ಅಳೆದು ನೋಡಿದವರಿಗೆ, ಸೊಂಟ ಅಗಲವಿದ್ದರೆ ಓಡಲು ಜಾಸ್ತಿ ಶಕ್ತಿ ಬೇಕು ಎಂದು ಕಂಡಿಲ್ಲ.

ಈ ಹೆಜ್ಜೆಯ ವ್ಯತ್ಯಾಸ ಕಡಿಮೆ ದೂರದ ಹರ್ಡಲ್ಸ್ (ತಡೆಗಳನ್ನು ಹಾರುತ್ತಾ ಓಡುವ ಓಟ) ನಿಯಮದಲ್ಲೇ ಇದೆ. ಎರಡು ಹರ್ಡಲ್‌ಗಳ ನಡುವೆ ಇಬ್ಬರೂ ಹಾಕುವುದು ಮೂರೇ ಹೆಜ್ಜೆ. ಗಂಡಸರಿಗೆ ಆ ಜಾಗ 9.14 ಮೀಟರ್, ಹೆಂಗಸರಿಗೆ 8.5.