ಹೆಡ್‌ಫೋನ್ ಆಂಪ್ ಕೊಳ್ಳುವ ಮುಂಚೆ ಗೋಡೆಯ ಪ್ಲಗ್ ನೋಡಿ

ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಹಳೆಯ ಮನೆ. ಆ ಮನೆಯ ಸೊಸೆ ಡೆಸ್ಕ್‌ಟಾಪ್ ಇಟ್ಟುಕೊಂಡು ವಿಡಿಯೊ ಎಡಿಟಿಂಗ್ ಮಾಡುತ್ತಾರೆ. ಮೌಸ್ ಸರಿಸಿದಾಗೆಲ್ಲ ಹೆಡ್‌ಫೋನಿನಲ್ಲಿ ಚಿರ್ ಚಿರ್ ಅನ್ನುತ್ತಿತ್ತಂತೆ. ಯಾರೋ ಹೇಳಿದರೆಂದು ಆನ್‌ಲೈನಿನಲ್ಲಿ ಒಂದು ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಅಂಕಿಗಳನ್ನು ಸದ್ದಿನ ಸಿಗ್ನಲ್ ಮಾಡುವ ಡಬ್ಬಿ), ಒಂದು ಹೆಡ್‌ಫೋನ್ ಆಂಪ್ (ಆ ಸಿಗ್ನಲ್ ಅನ್ನು ದೊಡ್ಡದು ಮಾಡಿ ಹೆಡ್‌ಫೋನಿಗೆ ಕೊಡುವ ಡಬ್ಬಿ) ತರಿಸಿದರು. ಚಿರ್ ಚಿರ್ ಹೋಯಿತು, ಅದರ ಜಾಗಕ್ಕೆ ಗುಂಯ್ ಅನ್ನುವ ಸದ್ದು ಬಂತು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ನನ್ನ ಅಂಗಡಿಗೆ ಬಂದು, "ಅಣ್ಣಾ, ಇವೆರಡರಾಗೆ ಯಾವುದು ಕೆಟ್ಟೈತೆ ನೋಡ್ರಿ" ಅಂದರು.

ಬೆಂಚಿನ ಮೇಲೆ ಜೋಡಿಸಿ ಕೇಳಿದೆ. ಎರಡೂ ಚೆನ್ನಾಗಿದ್ದವು. ಹಾಡು ಹಾಕದೆ ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಗುಂಯ್ ಇಲ್ಲ. ಹಾಗಾದರೆ ತೊಂದರೆ ಮನೆಯಲ್ಲೇ ಇರಬೇಕೆಂದು ಸಂಜೆ ಅಲ್ಲಿಗೆ ಹೋದೆ.

ಕಂಪ್ಯೂಟರ್ ಕ್ಯಾಬಿನೆಟ್ಟಿನ ಹಿಂದಿನ ಸ್ಕ್ರೂಗೆ ಟೆಸ್ಟರ್ ಇಟ್ಟೆ, ದೀಪ ಹತ್ತಿಕೊಂಡಿತು. ಫ್ರಿಜ್ಜಿನ ಬೋರ್ಡಿನಲ್ಲಿ ಅರ್ಥಿಂಗ್ ಸರಿಯಿತ್ತು. ಅದರ ಅರ್ಥ್ ಪಿನ್ನಿಗೂ ಆ ಸ್ಕ್ರೂಗೂ ನಡುವೆ ಮಲ್ಟಿಮೀಟರ್ ಹಿಡಿದರೆ 104 ವೋಲ್ಟ್. ಬಾಗಿಲಲ್ಲಿ ನಿಂತಿದ್ದ ಮಾವನವರು, "ಅದು ಮುಟ್ಟಿದ್ರೆ ಜುಮ್ ಅಂತೈತ್ರಿ, ಮೊದ್ಲಿಂದ್ಲೂ ಹಂಗೇ" ಅಂದರು. ಕಂಪ್ಯೂಟರಿನ ಪ್ಲಗ್ ಹಾಕಿದ್ದ ಗೋಡೆಯ ಬೋರ್ಡ್ ಬಿಚ್ಚಿ ನೋಡಿದೆ. ಮೂರು ಪಿನ್ನಿನ ಸಾಕೆಟ್ ಇದೆ, ಅರ್ಥಿನದಾದ ಮೇಲಿನ ದೊಡ್ಡ ತೂತಿಗೆ ವೈರೇ ಇಲ್ಲ.

ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ ಡಬ್ಬಿಯ ಒಳಗೆ ಫೇಸ್‌ನಿಂದ ಕ್ಯಾಬಿನೆಟ್ಟಿಗೆ ಒಂದು, ನ್ಯೂಟ್ರಲ್‌ನಿಂದ ಕ್ಯಾಬಿನೆಟ್ಟಿಗೆ ಒಂದು ಪುಟ್ಟ ಕೆಪಾಸಿಟರ್ ಇರುತ್ತವೆ. ಸರ್ಕ್ಯೂಟಿನ ಗಲಾಟೆಯನ್ನು ಅರ್ಥಿಗೆ ಕಳಿಸುವುದು ಅವುಗಳ ಕೆಲಸ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ 230 ವೋಲ್ಟಿನ ಅರ್ಧದಷ್ಟಕ್ಕೆ ಏರಿ ಕೂರುತ್ತದೆ. ಕರೆಂಟ್ ಮಿಲಿ ಆಂಪಿಯರ್ ಲೆಕ್ಕದ್ದು, ಹಾಗಾಗಿ ಜುಮ್ ಅನ್ನುತ್ತದೆ ಅಷ್ಟೆ. ಈ ಮನೆಯಲ್ಲಿ ಆಂಪಿನ ವೈರು ಎಕ್ಸ್‌ಟೆನ್ಶನ್ ಬೋರ್ಡ್ ಹಿಡಿದು ಅದೇ ಫ್ರಿಜ್ಜಿನ ಪ್ಲಗ್ಗಿಗೆ ಹೋಗಿತ್ತು. ಕಂಪ್ಯೂಟರಿನಿಂದ ಸೋರುವ ಕರೆಂಟಿಗೆ ಅರ್ಥ್ ಸೇರಲು ಸಿಕ್ಕ ಒಂದೇ ದಾರಿಯೆಂದರೆ ಯುಎಸ್‌ಬಿ ಕೇಬಲ್ಲು, ಡ್ಯಾಕು, ಅಲ್ಲಿಂದ ಆಂಪಿಗೆ ಹೋಗುವ ಆರ್‌ಸಿಎ ಎಂಬ ಆಡಿಯೊ ಕೇಬಲ್ಲಿನ ಹೊರಜಾಲರಿ. ಹಾಡು ಹೋಗುವ ದಾರಿಯೂ ಅದೇ. ಆಂಪ್ ಎರಡನ್ನೂ ಒಟ್ಟಿಗೇ ದೊಡ್ಡದು ಮಾಡಿ ಕಿವಿಗೆ ಕೊಡುತ್ತಿತ್ತು.

ಎಲೆಕ್ಟ್ರಿಷಿಯನ್ ಕರೆಸಿ ಆ ಬೋರ್ಡಿಗೆ ಅರ್ಥ್ ವೈರ್ ಎಳೆಸಿದ ಮೇಲೆ ಗುಂಯ್ ನಿಂತಿತು. ಡ್ಯಾಕ್ ಆಂಪ್ ಎರಡನ್ನೂ ತೆಗೆದು ಹೆಡ್‌ಫೋನನ್ನು ಕಂಪ್ಯೂಟರಿನ ಹಿಂದಿನ ಜಾಕಿಗೇ ಹಾಕಿ ಕೇಳಿಸಿದೆ. ಅಲ್ಲಿ ಚಿರ್ ಚಿರ್ ಕೂಡ ಇರಲಿಲ್ಲ. ಅದು ಬರುತ್ತಿದ್ದದ್ದು ಮುಂದಿನ ಜಾಕಿನಲ್ಲಿ ಮಾತ್ರ. ಮುಂದಿನ ಜಾಕಿಗೆ ಹೋಗುವ ತೆಳುವಾದ ವೈರು ಕ್ಯಾಬಿನೆಟ್ಟಿನೊಳಗೆ ಗ್ರಾಫಿಕ್ಸ್ ಕಾರ್ಡಿನ ಪಕ್ಕದಲ್ಲೇ ಹಾದು ಬರುತ್ತದೆ, ದಾರಿಯಲ್ಲಿ ಸಿಕ್ಕ ಸದ್ದನ್ನೆಲ್ಲ ಹೊತ್ತು ತರುತ್ತದೆ. ಅವರು ಖರ್ಚು ಮಾಡಿದ ಮೇಲೆ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ನನಗೆ ನಿಜವಾಗಿ ಬೇಜಾರಾಯಿತು. ಈ ವಾರದ ಅಂಕಣ ಅದಕ್ಕಾಗಿಯೇ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಪ್ಲಗ್ಗಿನ ಅರ್ಥ್ ಪಿನ್ ಮುರಿದರೆ ಗುಂಯ್ ನಿಲ್ಲುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಕೆಲವು ಸಲ ನಿಲ್ಲುತ್ತದೆ ಕೂಡ. ಆದರೆ ನಾಳೆ ಒಳಗೆ ಇನ್ಸುಲೇಶನ್ ಹೋಗಿ ಫೇಸ್ ನೇರ ಕ್ಯಾಬಿನೆಟ್ಟಿಗೆ ತಾಗಿದರೆ, ಆ ಕರೆಂಟ್ ಹರಿಯುವುದು ಮುಟ್ಟಿದವರ ಮೈಯಲ್ಲಿ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಅರ್ಥಿಂಗ್ ಇರುವ ಮನೆಗಳಲ್ಲೂ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಗುಂಡಿ ಒಣಗಿ ಪ್ರಯೋಜನಕ್ಕೆ ಬಾರದಂತಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಆಗಾಗ ನೀರು ಹೊಯ್ಯಿರಿ, ಉಪ್ಪು ಇದ್ದಿಲು ಹಾಕಿ ವರ್ಷಗಳಾಗಿದ್ದರೆ ಎಲೆಕ್ಟ್ರಿಷಿಯನ್‌ಗೆ ಒಮ್ಮೆ ತೋರಿಸಿ.

ಮನೆಯ ಲೈನ್ ಸರಿಯಿದೆ ಎಂದುಕೊಳ್ಳೋಣ. ಆಂಪ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ನಿಮ್ಮ ಹೆಡ್‌ಫೋನ್. ಅದರ ಡಬ್ಬದ ಮೇಲೆ ಎರಡು ಅಂಕಿ ಇರುತ್ತವೆ: ಎಷ್ಟು ಓಮ್ (ಕರೆಂಟಿಗೆ ಒಡ್ಡುವ ತಡೆ), 1 ಮಿಲಿವ್ಯಾಟ್ ಪವರ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು. ಓಮ್ ಒಂದನ್ನೇ ನೋಡಿ ಹೆದರುವವರು ಬಹಳ. ಎರಡನ್ನೂ ಸೇರಿಸಿ ನೋಡಬೇಕು.

ಎಡಿಟಿಂಗ್ ಮಾಡುವವರ ಹತ್ತಿರ ಹೆಚ್ಚಾಗಿ ಕಾಣುವ ಆಡಿಯೊ-ಟೆಕ್ನಿಕಾ ಎಂ50ಎಕ್ಸ್ 38 ಓಮಿನದು, 1 ಮಿಲಿವ್ಯಾಟಿಗೆ 99 ಡೆಸಿಬೆಲ್. ಕಂಪ್ಯೂಟರಿನ ಜಾಕ್ 1 ವೋಲ್ಟ್ ಕೊಟ್ಟರೆ ಅದಕ್ಕೆ ಸುಮಾರು 26 ಮಿಲಿವ್ಯಾಟ್ ಸಿಗುತ್ತದೆ, ಸದ್ದು 113 ಡೆಸಿಬೆಲ್ ಮುಟ್ಟುತ್ತದೆ. ಅಷ್ಟನ್ನು ಯಾರೂ ಕೇಳಬಾರದು. ಇಂಥ ಹೆಡ್‌ಫೋನಿಗೆ ಸದ್ದು ಸಾಲದೆಂದು ಆಂಪ್ ಕೊಳ್ಳುವುದು ದುಡ್ಡು ದಂಡ.

ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ತೆಗೆದುಕೊಳ್ಳಿ, 250 ಓಮಿನದು. 1 ಮಿಲಿವ್ಯಾಟಿಗೆ 96 ಡೆಸಿಬೆಲ್, ಆ 1 ಮಿಲಿವ್ಯಾಟ್ ಕೊಡಲು ಅರ್ಧ ವೋಲ್ಟ್ ಬೇಕು. ಜಾಕಿನ 1 ವೋಲ್ಟಿಗೆ 102 ಡೆಸಿಬೆಲ್ ಬರುತ್ತದೆ. ಈಗಿನ ಸಿನಿಮಾ ಹಾಡುಗಳಿಗೆ ಅದು ಧಾರಾಳ, ಅವನ್ನು ಮೊದಲಿಂದ ಕೊನೆಯವರೆಗೆ ಜೋರಾಗಿಯೇ ಮಾಸ್ಟರ್ ಮಾಡಿರುತ್ತಾರೆ. ಆದರೆ ಮಲ್ಲಿಕಾರ್ಜುನ ಮನ್ಸೂರರ ಬೈಠಕ್ಕಿನಂಥ ರೆಕಾರ್ಡಿಂಗ್ ಹಾಕಿ ನೋಡಿ. ಆಲಾಪ ಮೆಲ್ಲಗೆ ಶುರುವಾಗುತ್ತದೆ, ತಬಲಾದ ಏಟು ಅದಕ್ಕಿಂತ 20 ಡೆಸಿಬೆಲ್ ಮೇಲೆ ಹೋಗಬಹುದು. ಆಲಾಪ ಸ್ಪಷ್ಟವಾಗಿ ಕೇಳಲೆಂದು ವಾಲ್ಯೂಮ್ ಪೂರ್ತಿ ಏರಿಸಿದರೂ ಇನ್ನೂ ಸ್ವಲ್ಪ ಬೇಕಿತ್ತು ಅನಿಸುತ್ತದೆ. ಆ ಹೆಡ್‌ಫೋನಿಗೆ 110 ಡೆಸಿಬೆಲ್ ಮುಟ್ಟಲು 2.5 ವೋಲ್ಟ್, ಅಂದರೆ 25 ಮಿಲಿವ್ಯಾಟ್ ಸಾಕು. ಸಾವಿರಾರು ಮಿಲಿವ್ಯಾಟ್ ಎಂದು ಬರೆದಿರುವ ಡಬ್ಬಿಗಳಿಗೆ ಹೆಚ್ಚು ಕೊಡುವ ಮುಂಚೆ ಈ ಲೆಕ್ಕ ಹಾಕಿಕೊಳ್ಳಿ.

ಆಂಪಿಗೆ ಇನ್ನೊಂದು ನ್ಯಾಯವಾದ ಕಾರಣವಿದೆ, ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಸದ್ದು ಕೊಡುವ ಜಾಕಿನ ಒಳಗಿನ ತಡೆ. ಅದು ಹೆಡ್‌ಫೋನಿನ ಓಮಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಎನ್ನುವುದು ನಾವು ಪಾಲಿಸುವ ಲೆಕ್ಕ. ಕೆಲವು ಮದರ್‌ಬೋರ್ಡ್‌ಗಳ ಜಾಕಿನಲ್ಲಿ ಇದು ಹತ್ತಾರು ಓಮ್ ಇರುತ್ತದೆ. 32 ಓಮಿನ ಹೆಡ್‌ಫೋನ್ ಅಲ್ಲಿಗೆ ಹಾಕಿದರೆ ಬಾಸ್ ಊದಿಕೊಂಡು ಮಬ್ಬಾಗಿ ಕೇಳಬಹುದು. ಒಳ್ಳೆಯ ಆಂಪಿನಲ್ಲಿ 1 ಓಮ್ ಆಸುಪಾಸು ಅಥವಾ ಇನ್ನೂ ಕಡಿಮೆ.

ಡ್ಯಾಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಸಿ.ಡಿ.ಯ 16 ಬಿಟ್, 44.1 ಕಿಲೋಹರ್ಟ್ಸ್ ಮನುಷ್ಯನ ಕಿವಿಗೆ ಸಾಕು. ಅದರಲ್ಲಿ ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನದಕ್ಕೂ ನಡುವೆ 96 ಡೆಸಿಬೆಲ್ ಅಂತರ ಹಿಡಿಯುತ್ತದೆ, 20 ಕಿಲೋಹರ್ಟ್ಸ್‌ವರೆಗಿನ ಸದ್ದು ಪೂರ್ತಿ ಬರುತ್ತದೆ. 2007ರಲ್ಲಿ ಬ್ರ್ಯಾಡ್ ಮೇಯರ್, ಡೇವಿಡ್ ಮೊರಾನ್ ಎಂಬ ಅಮೆರಿಕದ ಇಬ್ಬರು ಸಿ.ಡಿ.ಗಿಂತ ದೊಡ್ಡ ಅಂಕಿಗಳ ಹೈ ರೆಸಲ್ಯೂಶನ್ ಸಂಗೀತವನ್ನು ಒಮ್ಮೆ ನೇರವಾಗಿ, ಒಮ್ಮೆ 16 ಬಿಟ್, 44.1ಕ್ಕೆ ಇಳಿಸಿ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲ ಕೇಳಿದ್ದರಲ್ಲಿ 276 ಸಲ ಉತ್ತರ ಸರಿ ಬಂತು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. 32 ಬಿಟ್, 768 ಕಿಲೋಹರ್ಟ್ಸ್ ಎಂಬ ಅಂಕಿಗಾಗಿ ಹೆಚ್ಚು ಕೊಡಬೇಡಿ. ಚಿಪ್ಪಿನ ಹೆಸರಿಗೂ ಅಷ್ಟೊಂದು ಬೆಲೆ ಬೇಡ. 2020ರ ಅಕ್ಟೋಬರಿನಲ್ಲಿ ಜಪಾನಿನ ನೊಬೆಯೋಕಾದ ಎಕೆಎಂ ಕಾರ್ಖಾನೆಗೆ ಬೆಂಕಿ ಬಿದ್ದು ಅವರ ಡ್ಯಾಕ್ ಚಿಪ್ ಸಿಗದಂತಾದಾಗ, ಹಲವು ಕಂಪನಿಗಳು ಇಎಸ್‌ಎಸ್ ಎಂಬ ಇನ್ನೊಂದು ಕಂಪನಿಯ ಚಿಪ್ ಹಾಕಿ ತಮ್ಮ ಮಾಡೆಲ್‌ಗಳನ್ನು ಮುಂದುವರಿಸಿದವು. ಚಿಪ್ಪಿನ ಸುತ್ತಲಿನ ಸರ್ಕ್ಯೂಟ್, ಪವರ್ ಸಪ್ಲೈ ಚೆನ್ನಾಗಿದ್ದರೆ ಕೆಲಸ ಚೆನ್ನಾಗಿರುತ್ತದೆ.

ಹಾಗಾಗಿ ಬಹುಪಾಲು ಜನರಿಗೆ ನಾನು ಹೇಳುವುದು ಡ್ಯಾಕ್, ಆಂಪ್ ಎರಡೂ ಒಂದೇ ಡಬ್ಬಿಯಲ್ಲಿರುವ, ಯುಎಸ್‌ಬಿಯಿಂದಲೇ ಕರೆಂಟ್ ತೆಗೆದುಕೊಳ್ಳುವ ಸಾಧಾರಣ ಬೆಲೆಯದ್ದು. ಗೋಡೆಗೆ ಇನ್ನೊಂದು ಪ್ಲಗ್ ಹೋಗುವುದಿಲ್ಲ, ಪಿ.ಜೆ. ಬಡಾವಣೆಯ ಮನೆಯಲ್ಲಿ ಸೋರುವ ಕರೆಂಟಿಗೆ ಸಿಕ್ಕಂಥ ದಾರಿ ಹುಟ್ಟುವುದಿಲ್ಲ. ವಿಂಡೋಸ್ 10ಕ್ಕೆ 2017ರಲ್ಲಿ ಬಂದ ಅಪ್‌ಡೇಟಿನಿಂದ ಈಚೆಗೆ ಇಂಥವಕ್ಕೆ ಸಾಮಾನ್ಯವಾಗಿ ಬೇರೆ ಡ್ರೈವರ್ ಕೂಡ ಬೇಕಾಗುವುದಿಲ್ಲ. ಬೇರೆ ಆಂಪ್ ಇಟ್ಟುಕೊಳ್ಳಲೇಬೇಕಾದರೆ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ. ಅಷ್ಟಾದರೂ ಗುಂಯ್ ಬಿಡದಿದ್ದರೆ ಮದರ್‌ಬೋರ್ಡಿನ ಆಪ್ಟಿಕಲ್ ಔಟ್‌ಪುಟ್ ಇದೆಯೇ ನೋಡಿ. ಅದರಲ್ಲಿ ಹಾಯುವುದು ಬೆಳಕು, ತಾಮ್ರದ ತಂತಿಯೇ ಇಲ್ಲ, ಸೋರುವ ಕರೆಂಟಿಗೆ ದಾರಿ ಸಿಗುವುದಿಲ್ಲ. ಕರೆಂಟ್ ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಕೆಲಸ ಮಾಡುವವರು ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಕೊಳ್ಳದಿರುವುದು ಒಳ್ಳೆಯದು. ಆ ಹೊತ್ತಿನಲ್ಲಿ ಟ್ರಾನ್ಸ್‌ಫಾರ್ಮರೇ ಗೊರಗುಟ್ಟುತ್ತದೆ.

ಆಂಪ್ ಸಿಗ್ನಲ್ಲನ್ನು ಎಷ್ಟು ಪಟ್ಟು ದೊಡ್ಡದು ಮಾಡಬೇಕೆಂದು ಬದಲಿಸುವ ಗೇನ್ ಸ್ವಿಚ್ ಇರುವುದನ್ನೇ ಆರಿಸಿ. ಕಿವಿಯೊಳಗೆ ಕೂರುವ 16 ಓಮಿನ ಇಯರ್‌ಫೋನ್‌ಗಳು ಬಹಳ ಸೂಕ್ಷ್ಮ. ಹೈ ಗೇನಿನಲ್ಲಿ ಅವಕ್ಕೆ ಸುಯ್ ಎಂಬ ಸದ್ದು ಹಾಡಿನ ಹಿಂದೆಯೇ ಕೇಳುತ್ತಿರುತ್ತದೆ. ವಾಲ್ಯೂಮ್ ನಾಬನ್ನು ತೀರಾ ಕೆಳಗಿಟ್ಟು ಕೇಳಿದರೆ ಒಂದು ಕಿವಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬರುವುದೂ ಉಂಟು, ಅಗ್ಗದ ವಾಲ್ಯೂಮ್ ಕಂಟ್ರೋಲಿನ ಎರಡು ಪಟ್ಟಿಗಳು ಕೆಳಗಿನ ತುದಿಯಲ್ಲಿ ಒಂದೇ ಸಮ ಇರುವುದಿಲ್ಲ. ಲೋ ಗೇನಿಗೆ ಹಾಕಿದರೆ ನಾಬ್ ನಡುವಿಗೆ ಬರುತ್ತದೆ, ಎರಡು ತೊಂದರೆಯೂ ಒಟ್ಟಿಗೆ ಹೋಗುತ್ತವೆ. ವಾರಕ್ಕೆ 40 ಗಂಟೆ ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ ಸರಾಸರಿ 80 ಡೆಸಿಬೆಲ್. ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ದುಡಿಯುವವರು ಅದನ್ನು ದಾಟದಂತೆ ನೋಡಿಕೊಳ್ಳಬೇಕು.

ಅಂಗಡಿಗೆ ಹೋಗುವಾಗ ನಿಮ್ಮ ಹೆಡ್‌ಫೋನನ್ನೇ ಒಯ್ಯಿರಿ. ಮೊದಲು ಹಾಡು ನಿಲ್ಲಿಸಿ, ನಾಬ್ ನಿಧಾನವಾಗಿ ಪೂರ್ತಿ ತಿರುಗಿಸಿ, ಗುಂಯ್, ಸುಯ್, ಚಿರ್ ಇವುಗಳಲ್ಲಿ ಯಾವುದಾದರೂ ಇದೆಯೇ ಕೇಳಿಸಿಕೊಳ್ಳಿ. ಆಮೇಲೆ ನಾಬನ್ನು ಸೊನ್ನೆಗೆ ಇಳಿಸಿ, ಇಳಿಸಿದ್ದೇವೆಂದು ಇನ್ನೊಮ್ಮೆ ನೋಡಿಕೊಂಡು, ಹಾಡು ಹಾಕಿ.