ಎಳೆಯುವ ಕ್ಯಾರವಾನ್ ಮಾರಿ ಮೋಟಾರ್‌ಹೋಮ್ ಮಾಡಿಸೋಣವೇ?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ತೋಟದ ಮನೆ. ಜೀಪಿನ ಹಿಂದೆ ಕಟ್ಟಿ ಎಳೆಯುವ ಚಿಕ್ಕ ಕ್ಯಾರವಾನ್ ಇದೆ. ಅದನ್ನು ಮಾರಿ ಟೆಂಪೋ ಟ್ರಾವೆಲರ್ ತಕ್ಕೊಂಡು ಒಳಗೆ ಮನೆಯ ಹಾಗೆ ಮಾಡಿಸೋಣ ಅಂತ ಮಗ ಹೇಳುತ್ತಾನೆ. ನಾವು ನಾಲ್ಕು ಜನ, ಜೊತೆಗೆ ವಯಸ್ಸಾದ ಅಮ್ಮ. ಬದಲಾಯಿಸುವುದು ಒಳ್ಳೆಯದಾ?

ಉತ್ತರ: ಈ ಪ್ರಶ್ನೆ ಕೇಳುವವರೆಲ್ಲ ಗಾಡಿಯ ಬೆಲೆಯಿಂದ ಲೆಕ್ಕ ಶುರು ಮಾಡುತ್ತಾರೆ. ಬೆಲೆ ಆಮೇಲೆ ನೋಡೋಣ. ಹೋದ ಜಾಗಕ್ಕೆ ತಲುಪಿದ ಮೇಲೆ ನೀವು ಏನು ಮಾಡುತ್ತೀರಿ? ಮೊದಲು ಅದನ್ನು ಹೇಳಿ.

ಬೇಕಲದ ಹತ್ತಿರ ಪರಿಚಯದವರ ತೆಂಗಿನ ತೋಟದಲ್ಲಿ ಕ್ಯಾರವಾನ್ ನಿಲ್ಲಿಸಿ ನಾಲ್ಕು ದಿನ ಅಲ್ಲೇ ಇರುವವರು ನೀವಾದರೆ, ಈಗ ಇರುವುದೇ ಒಳ್ಳೆಯದು. ಕ್ಯಾರವಾನ್ ಕಳಚಿಟ್ಟರೆ ಜೀಪು ನಿಮ್ಮ ಕೈಗೆ ಬರುತ್ತದೆ. ಕೋಟೆ ನೋಡಬಹುದು, ಕಾಞಂಗಾಡಿಗೆ ಹೋಗಿ ಸಾಮಾನು ತರಬಹುದು. ಮೋಟಾರ್‌ಹೋಮ್, ಅಂದರೆ ಮಗ ಹೇಳುವ ಹಾಗೆ ಒಳಗೇ ಮನೆ ಮಾಡಿದ ಗಾಡಿ ಆದರೆ, ಒಂದು ಪ್ಯಾಕೆಟ್ ಹಾಲಿಗೂ ಇಡೀ ಮನೆ ಹೊರಡಬೇಕು. ಗ್ಯಾಸ್ ಮುಚ್ಚಿ, ಪಾತ್ರೆ ಒಳಗಿಟ್ಟು, ಕಪಾಟಿಗೆ ಚಿಲಕ ಹಾಕಿ, ಮಲಗಿದವರನ್ನು ಎಬ್ಬಿಸಿ. ಎರಡನೇ ದಿನಕ್ಕೆ ಬೇಜಾರು ಬರುತ್ತದೆ.

ಬೆಳಿಗ್ಗೆ ಮಧೂರು, ಮಧ್ಯಾಹ್ನ ಅನಂತಪುರ, ಮರುದಿನ ಸುಳ್ಯ ದಾಟಿ ಮಡಿಕೇರಿ ಅಂತ ದಿನಾ ಊರು ಬದಲಾಯಿಸುವವರಾದರೆ ಮಗ ಹೇಳುವುದೇ ಸರಿ. ನಿಲ್ಲಿಸಿದ ಐದು ನಿಮಿಷಕ್ಕೆ ಚಹಾ ಆಗುತ್ತದೆ. ಹೊರಡುವಾಗ ಕೊಂಡಿ ಜೋಡಿಸುವುದು, ಸರಪಳಿ ಹಾಕುವುದು, ಲೈಟಿನ ವಯರ್ ಸಿಕ್ಕಿಸುವುದು ಯಾವುದೂ ಇಲ್ಲ.

ನಮ್ಮ ಕಡೆಯ ರಸ್ತೆಗಳೂ ಮೋಟಾರ್‌ಹೋಮ್ ಪರವೇ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಆರು ಪಥದ ಹೆದ್ದಾರಿಯಲ್ಲಿ ಎರಡೂ ಆರಾಮ. ಸರ್ವಿಸ್ ರಸ್ತೆಗೆ ಇಳಿಯುವ ಜಾಗ ತಪ್ಪಿದರೆ ಮಾತ್ರ ಮುಂದಿನ ಅಂಡರ್‌ಪಾಸ್ ಹುಡುಕಬೇಕು, ಅಷ್ಟೇ. ಕಷ್ಟ ಇರುವುದು ಚೆರ್ಕಳ–ಜಾಲ್ಸೂರು ರಸ್ತೆಯ ತಿರುವುಗಳಲ್ಲಿ, ಸಂಪಾಜೆ ಘಾಟಿಯಲ್ಲಿ, ಪಾಣತ್ತೂರಿನಿಂದ ಭಾಗಮಂಡಲಕ್ಕೆ ಹತ್ತುವಲ್ಲಿ. ಒಂದು ಬದಿ ಗುಡ್ಡದ ಬರೆ, ಇನ್ನೊಂದು ಬದಿ ಇಳಿಜಾರು, ಎದುರಿಗೆ ಬಸ್ಸು. ಹಿಂದೆ ಹೋಗಲೇಬೇಕು. ಆಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಕ್ಯಾರವಾನಿನ ಬಾಲ ಎಡಕ್ಕೆ ಹೋಗುತ್ತದೆ. ಚಿಕ್ಕ ಕ್ಯಾರವಾನ್ ಅಂದರೆ ಸುಲಭ ಅಂತ ಅಂದುಕೊಳ್ಳಬೇಡಿ. ಕೊಂಡಿಯಿಂದ ಚಕ್ರದವರೆಗಿನ ಉದ್ದ ಕಡಿಮೆ ಇದ್ದಷ್ಟೂ ಅದು ಬೇಗ ಮಡಚಿಕೊಳ್ಳುತ್ತದೆ. ಇಳಿಜಾರಿನಲ್ಲಿ ವೇಗ ಹೆಚ್ಚಾದರೆ ಬಾಲ ತೂಗಾಡುವುದೂ ಇದೆ. ಆಗ ಬ್ರೇಕ್ ಒತ್ತಬಾರದು, ಸ್ಟೇರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಮೆಲ್ಲ ಕಾಲು ತೆಗೆಯಬೇಕು. ಇದು ನಿಮಗೆ ಗೊತ್ತಿರುವುದೇ. ಮಗನಿಗೆ ಗೊತ್ತಿದೆಯಾ, ಕೇಳಿ ನೋಡಿ. ಮೋಟಾರ್‌ಹೋಮ್‌ನಲ್ಲಿ ಈ ತಲೆಬಿಸಿ ಇಲ್ಲ.

ಹೊಸ ತಲೆಬಿಸಿ ನಿಮ್ಮ ಮನೆಯ ದಾರಿಯಲ್ಲೇ ಕಾದಿರಬಹುದು. ಮುರಕಲ್ಲು ಕಡಿದು ಮಾಡಿದ ದಾರಿಯಲ್ಲಿ ಜೀಪು ಇಳಿಯುತ್ತದೆ, ಕ್ಯಾರವಾನನ್ನು ನಾಲ್ಕು ಜನ ಕೈಯಲ್ಲಿ ತಳ್ಳಿಯಾದರೂ ಒಳಗೆ ತರಬಹುದು. ಟ್ರಾವೆಲರ್ ಬರುತ್ತದಾ? ಮೇಲೆ ಏಸಿ ಕೂರಿಸಿದರೆ ಎತ್ತರ 3 ಮೀಟರ್ ಹತ್ತಿರ ಹೋಗಬಹುದು. ಕರೆಂಟಿನ ವಯರ್, ಹಲಸಿನ ಕೊಂಬೆ, ಗೇಟಿನ ಕಮಾನು ಎಲ್ಲ ಅಳೆಯಿರಿ. ರಸ್ತೆಯಿಂದ ಅಂಗಳಕ್ಕೆ ಇಳಿಯುವಲ್ಲಿ ಕಡಿದಾದ ಇಳಿಜಾರು ಇದ್ದರೆ ಹಿಂದಿನ ಬಂಪರ್ ನೆಲಕ್ಕೆ ಉಜ್ಜುತ್ತದೆ. ಗಾಡಿ ಬುಕ್ ಮಾಡುವ ಮೊದಲು ಅದೇ ಉದ್ದದ ಬಾಡಿಗೆ ಟ್ರಾವೆಲರ್ ಒಂದನ್ನು ಅಂಗಳಕ್ಕೆ ತರಿಸಿ ನೋಡಿ.

ಎಲ್ಲಕ್ಕಿಂತ ದೊಡ್ಡ ವಿಷಯ ದಾಖಲೆಗಳದ್ದು. ‘ಟ್ರಾವೆಲರ್ ತಕ್ಕೊಂಡು ಒಳಗೆ ಮಾಡಿಸೋಣ’ ಅನ್ನುವ ಮಾತಿನಲ್ಲೇ ಅಪಾಯ ಇದೆ. ಆರ್‌ಸಿಯಲ್ಲಿ ಇರುವ ವಿವರ, ಕಂಪನಿ ಗಾಡಿ ಮಾಡಿದಾಗ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಆ ಪ್ರಕರಣ ಹೋದದ್ದೂ ಕೇರಳದಿಂದಲೇ. ಹಾಗಾಗಿ ಪರಿಚಯದ ಬಡಗಿಯನ್ನು ಕರೆದು ಸೀಟು ಕಿತ್ತು ಮಂಚ ಕೂರಿಸಿದರೆ ಮೋಟಾರ್‌ಹೋಮ್ ಆಗುವುದಿಲ್ಲ. ನಾಳೆ ಅಪಘಾತ ಆದರೆ ವಿಮೆಯವರು ಮೊದಲು ಕೇಳುವುದು ಅದನ್ನೇ. ಮೋಟಾರ್‌ಹೋಮಿಗೆ (ಕಾಗದದಲ್ಲಿ ಮೋಟಾರ್ ಕ್ಯಾರವಾನ್) ಎಐಎಸ್ 124 ಎಂಬ ಪ್ರತ್ಯೇಕ ಮಾನದಂಡ ಇದೆ. ಅದರ ಪ್ರಕಾರ ಅನುಮೋದನೆ ಪಡೆದ ವಿನ್ಯಾಸದಲ್ಲಿ ಮಾಡಿಕೊಡುವವರ ಹತ್ತಿರವೇ ಮಾಡಿಸಿ. ಅನುಮೋದನೆಯ ಕಾಗದ ಕೈಯಲ್ಲಿ ನೋಡದೆ ಮುಂಗಡ ಕೊಡಬೇಡಿ.

ಗಡಿಯ ನಮಗೆ ಇನ್ನೊಂದು ಆಸೆ ಇರುತ್ತದೆ. ಮಂಗಳೂರಿನಲ್ಲಿ ಯಾರದ್ದೋ ಕೆಎ-19 ಗಾಡಿ ಕಡಿಮೆಗೆ ಸಿಗುತ್ತದೆ, ತಂದು ಹಾಗೇ ಓಡಿಸೋಣ ಅಂತ. ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ 47ನೇ ಸೆಕ್ಷನ್ ಪ್ರಕಾರ ಅಲ್ಲಿನ ನಂಬರ್ ಮಾಡಿಸಬೇಕು. ನಮ್ಮ ಕಾಸರಗೋಡಿನ ಕೆಎಲ್-14 ಮಾಡಿಸುವಾಗ ಕಟ್ಟುವ ತೆರಿಗೆ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ. ಲೈಸೆನ್ಸಿನ ಚಿಂತೆ ಬೇಡ, ಟ್ರಾವೆಲರ್ ಗಾತ್ರದ ಗಾಡಿ 7,500 ಕೆಜಿಯ ಮಿತಿಯೊಳಗೇ ಇರುತ್ತದೆ, ಕಾರು ಓಡಿಸುವ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು. 2021ರಲ್ಲಿ ಕೇರಳ ಸರಕಾರ ತಂದ ‘ಕೆರವಾನ್ ಕೇರಳ’ ಎಂಬ ಕ್ಯಾರವಾನ್ ಪ್ರವಾಸದ ಯೋಜನೆ ನೆನಪಿಟ್ಟು, ಖಾಲಿ ಇದ್ದಾಗ ಬಾಡಿಗೆಗೆ ಬಿಡೋಣ ಅಂತ ಮಗ ಅಂದುಕೊಂಡಿದ್ದರೆ ಅದು ಬೇರೆಯೇ ಲೆಕ್ಕ. ಸ್ವಂತಕ್ಕೆ ಬಳಸುವ ಕ್ಯಾಂಪರ್ ವ್ಯಾನ್ ಖಾಸಗಿ ವಾಹನ, ಬಾಡಿಗೆಗೆ ಬಿಟ್ಟರೆ ಅದು ಸಾರಿಗೆ ವಾಹನ. ಎರಡೂ ಒಂದೇ ಆರ್‌ಸಿಯಲ್ಲಿ ಆಗುವುದಿಲ್ಲ.

ಇನ್ನು ಭಾರ. ಒಂದು ಲೀಟರ್ ನೀರು ಒಂದು ಕಿಲೋ. 100 ಲೀಟರ್ ಟ್ಯಾಂಕ್ ತುಂಬಿಸಿದರೆ ಇನ್ನೂ ಇಬ್ಬರು ಹತ್ತಿದ ಹಾಗೆಯೇ. ಪ್ಲೈವುಡ್, ಬ್ಯಾಟರಿ, ಫ್ರಿಜ್ಜು, ಏಸಿ ಸೇರಿದ ಮೇಲೆ ಉಳಿಯುವ ಭಾರ ಎಷ್ಟು ಅಂತ ಮಾಡಿಕೊಡುವವರಿಂದ ಬರೆಸಿಕೊಳ್ಳಿ. ಪೇಟೆಗೆ ಹೋಗಲು ಹಿಂದೆ ಸ್ಕೂಟರ್ ನೇತು ಹಾಕೋಣ ಅಂತ ತುಂಬ ಜನ ಹೇಳುತ್ತಾರೆ. ಲೆಕ್ಕ ನೋಡಿ: ಮುಂದಿನ ಮತ್ತು ಹಿಂದಿನ ಚಕ್ರದ ನಡುವೆ 4 ಮೀಟರ್ ಇದೆ, ಸ್ಕೂಟರ್ ಹಿಂದಿನ ಚಕ್ರದಿಂದ 2 ಮೀಟರ್ ಆಚೆ ಇದೆ ಅಂತಿಟ್ಟುಕೊಳ್ಳಿ. 100 ಕಿಲೋ ಸ್ಕೂಟರ್ ಹಿಂದಿನ ಚಕ್ರಗಳ ಮೇಲೆ 150 ಕಿಲೋ ಹೇರುತ್ತದೆ, ಮುಂದಿನ ಚಕ್ರಗಳಿಂದ 50 ಕಿಲೋ ಎತ್ತುತ್ತದೆ. ಮಳೆಗಾಲದ ಘಾಟಿಯಲ್ಲಿ ಮುಂದಿನ ಚಕ್ರ ಹಗುರ ಆಗುವುದು ಬೇಡ. ನನ್ನನ್ನು ಕೇಳಿದರೆ ಸ್ಕೂಟರ್ ಬೇಡ, ಆಟೋ ಹಿಡಿಯಿರಿ.

ಅಮ್ಮನ ವಿಷಯ. ಕ್ಯಾರವಾನ್ ಓಡುವಾಗ ಒಳಗೆ ಯಾರೂ ಕೂರಬಾರದು, ಮೋಟಾರ್‌ಹೋಮ್‌ನಲ್ಲಿ ಕೂರಬಹುದು. ಆದರೆ ಬೆಲ್ಟ್ ಇರುವ ಸೀಟಿನಲ್ಲಿ ಮಾತ್ರ. ಐದು ಜನ ಮಲಗುವ ಗಾಡಿ ಅಂದರೆ ಐದು ಜನ ಬೆಲ್ಟ್ ಹಾಕಿ ಕೂರುವ ಗಾಡಿ ಅಂತ ಅಲ್ಲ, ಎರಡನ್ನೂ ಬೇರೆ ಬೇರೆ ಎಣಿಸಿ. ಅಮ್ಮ ಮಂಚದಲ್ಲಿ ಮಲಗಿಕೊಂಡೇ ಬರಲಿ ಅನ್ನುವುದು ಪ್ರೀತಿಯ ಮಾತೇ, ಆದರೆ ಒಮ್ಮೆ ಜೋರಾಗಿ ಬ್ರೇಕ್ ಬಿದ್ದರೆ ಕಷ್ಟ. ಶೌಚಾಲಯ ಗಾಡಿಯಲ್ಲೇ ಇರುವುದು ಅವರಿಗೆ ದೊಡ್ಡ ಅನುಕೂಲ, ಅದಕ್ಕೇ ಬದಲಾಯಿಸಿದರೂ ತಪ್ಪಿಲ್ಲ. ಕ್ಯಾಸೆಟ್ ಶೌಚಾಲಯದಲ್ಲಿ ಹೊರಗೆ ಎಳೆದು ಖಾಲಿ ಮಾಡುವ ಪೆಟ್ಟಿಗೆ ಇರುತ್ತದೆ, ಅದು ಹಿಡಿಯುವುದು ಸುಮಾರು 17ರಿಂದ 20 ಲೀಟರ್. ಐದು ಜನರಿಗೆ ದಿನಕ್ಕೊಮ್ಮೆಯಾದರೂ ಖಾಲಿ ಮಾಡಬೇಕು. ಆ ಕೆಲಸ ಯಾರದ್ದು ಅಂತ ಮನೆಯಲ್ಲೇ ತೀರ್ಮಾನ ಆಗಲಿ.

ಏಸಿ ರಾತ್ರಿಯಿಡೀ ಬ್ಯಾಟರಿಯಲ್ಲಿ ಓಡುತ್ತದೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ. 12 ವೋಲ್ಟ್, 200 ಆಂಪಿಯರ್-ಅವರ್ ಬ್ಯಾಟರಿ ಅಂದರೆ 2.4 ಯೂನಿಟ್ ಕರೆಂಟು. ಒಂದು ಕಿಲೋವ್ಯಾಟ್ ಎಳೆಯುವ ಏಸಿ ಎರಡು ಗಂಟೆ ಚಿಲ್ಲರೆಗೆ ಅದನ್ನು ಮುಗಿಸುತ್ತದೆ. ಏಪ್ರಿಲ್ ತಿಂಗಳ ಕರಾವಳಿಯ ಸೆಕೆಯಲ್ಲಿ ಏಸಿ ಬೇಕೇ ಬೇಕು ಅನ್ನುವವರು ರಾತ್ರಿ ಕರೆಂಟು ಕೊಡುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಲಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಅಮ್ಮ ಜೊತೆಗೆ ಬರುವುದು ಖಂಡಿತವಾದರೆ, ದಿನಾ ಊರು ಬದಲಾಯಿಸುವ ತಿರುಗಾಟ ನಿಮ್ಮದಾದರೆ, ಗಾಡಿ ಅಂಗಳಕ್ಕೆ ಇಳಿಯುವುದಾದರೆ ಬದಲಾಯಿಸಿ. ಅಂಗಳಕ್ಕೆ ಇಳಿಯದಿದ್ದರೆ ಬೇಡವೇ ಬೇಡ. ರಸ್ತೆ ಬದಿಯಲ್ಲಿ ಒಂದು ಮಳೆಗಾಲ ನಿಂತರೆ ಅಷ್ಟು ದುಡ್ಡಿನ ಗಾಡಿಯ ಗತಿ ಏನು, ನೀವೇ ಯೋಚಿಸಿ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊರಡುವವರಿಗೂ ಬೇಡ. ಎಂಜಿನ್ ಇರುವ ಮನೆಯನ್ನು ಸುಮ್ಮನೆ ನಿಲ್ಲಿಸಿಟ್ಟರೂ ವಿಮೆ, ಬ್ಯಾಟರಿ, ಟೈರಿಗೆ ದುಡ್ಡು ಹೋಗುತ್ತಲೇ ಇರುತ್ತದೆ.

ಹಳೆಯ ಕ್ಯಾರವಾನಿಗೆ ನಮ್ಮ ಕಡೆ ಗಿರಾಕಿ ಬೇಗ ಸಿಗುವುದಿಲ್ಲ. ಸಿಗುವವರೆಗೆ ಅಂಗಳದಲ್ಲೇ ಇರಲಿ, ಮನೆಯಲ್ಲಿ ಕೋಲ, ಮದುವೆ ಅಂತ ನೆಂಟರು ತುಂಬಿದಾಗ ಇಬ್ಬರಿಗೆ ಮಲಗುವ ಕೋಣೆ ಆಗುತ್ತದೆ. ಗ್ಯಾಸ್ ಸಿಲಿಂಡರ್ ಹೊರಗೆ ತೆಗೆದಿಡಿ. ಟೈರಿನ ಮೇಲೆ ಭಾರ ಬೀಳದ ಹಾಗೆ ಅಡಿಗೆ ಮುರಕಲ್ಲು ಕೊಟ್ಟು ಎತ್ತಿ ನಿಲ್ಲಿಸಿ. ಮಳೆಗೆ ಅಂತ ಟಾರ್ಪಲ್ ಬಿಗಿಯಾಗಿ ಸುತ್ತಬೇಡಿ, ಒಳಗೆ ಬೂಷ್ಟು ಹಿಡಿಯುತ್ತದೆ. ಮೇಲೆ ನಾಲ್ಕು ಶೀಟು ಹಾಕಿ, ಬದಿಗಳಲ್ಲಿ ಗಾಳಿ ಆಡಲು ಬಿಡಿ.